ಹೆಸರು ಬೇಡ, ಬಾವಿ ಬೇಕು

ಬಂದರಿನ ಈ ಓಣಿಯಲ್ಲಿ ನನ್ನ ಲ್ಯಾಬಿಗೆ ಒಂದೇ ಕಿಟಕಿ.
ಅದರಾಚೆ ಮೆಣಸಿನ ಮಂಡಿ. ಹಾಗಾಗಿ
ಇಪ್ಪತ್ತೆರಡು ವರ್ಷಗಳಿಂದ
ಸೀನುತ್ತಲೇ ರಕ್ತ ನೋಡುವವ ನಾನು.

ಗಾಜಿನ ಮೇಲೊಂದು ಹನಿ, ಎಳೆದರೆ ನಾಲಗೆಯ ಆಕಾರ.
ನೇರಳೆ ಬಣ್ಣ ಹೊಯ್ದು, ತೊಳೆದು, ಒಣಗಿಸಿ
ಕಣ್ಣಿಟ್ಟರೆ ಅಲ್ಲುಂಟು ಅದು:
ಒಂದೇ ಹರಳು ಕೂರಿಸಿದ ಉಂಗುರ.
ಚಂದ ಎನ್ನಬಾರದು. ಆದರೆ ಚಂದವೇ.

ಉದ್ದ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದೆ
ಹೆಸರು, ಪ್ರಾಯ, ಚಳಿ ಹಿಡಿದು ಎಷ್ಟು ದಿನ, ಹಣ ಸಂದಾಯ.
ಪುಸ್ತಕ ಡ್ರಾವರಿಗೆ, ಡ್ರಾವರಿಗೆ ಬೀಗ.
ಎದುರಿನ ಪಿಂಟೋನ ಪುಸ್ತಕಕ್ಕೂ ಬೀಗ,
ಗುಡ್ಡೆಯ ಮೇಲಿನ ದೊಡ್ಡಾಸ್ಪತ್ರೆಯ ಕಂಪ್ಯೂಟರಿಗೆ
ಇನ್ನೂ ದೊಡ್ಡ ಬೀಗ.
ನನ್ನ ಗಿರಾಕಿಯ ಲೆಕ್ಕ ನೆರೆಯವನಿಗೆ ಯಾಕೆ?

ಸೊಳ್ಳೆಗೆ ಮಾತ್ರ
ಮೂರೂ ಬೀಗದ ಕೀಲಿ ಸಿಕ್ಕಿತ್ತು.

ಜಲಜಾಕ್ಷಿ ಬಂದದ್ದು ಆಟಿಯ ಒಂದು ಮಧ್ಯಾಹ್ನ,
ಕೈಯಲ್ಲಿ ಇಲಾಖೆಯ ನೀಲಿ ಕೊಡೆ,
ಚೀಲದಲ್ಲಿ ನೀರು ಮೊಗೆಯುವ ಉದ್ದ ಹಿಡಿಯ ಸೌಟು.
"ಎಂತ ಹಸನಬ್ಬರೇ, ಈ ತಿಂಗಳು ನಿಮ್ಮಲ್ಲಿ ಎಷ್ಟು?"
ಐದಾರು ಇರಬೇಕು, ಎಂದೆ.
ಪಿಂಟೋನೂ ಐದಾರು ಎಂದಿದ್ದನಂತೆ.
"ನಿಮಗೆಲ್ಲ ಐದಾರು.
ನಾನು ನಡೆಯುವ ಓಣಿಯಲ್ಲಿ ಮಾತ್ರ
ನಡುಹಗಲು ಕಂಬಳಿ ಹೊದ್ದವರು ನಲವತ್ತು."

ಬೈಯಲಿಲ್ಲ. ಯಂಕೋಬನ ಕತೆ ಹೇಳಿದಳು.
ಕೊಪ್ಪಳದ ಹುಡುಗ, ಒಂಬತ್ತನೇ ಮಾಳಿಗೆಯಲ್ಲಿ ಕಲ್ಲು ಕಟ್ಟುವವ.
ಮೊದಲು ನನ್ನಲ್ಲಿಗೆ, ಕೆಲಸ ಬದಲಾಗಿ ಪಿಂಟೋನಲ್ಲಿಗೆ,
ಕೊನೆಗೆ ಆಟೋದಲ್ಲಿ ಮಲಗಿಸಿ ದೊಡ್ಡಾಸ್ಪತ್ರೆಗೆ.
ಒಬ್ಬನೇ ಹುಡುಗ
ಮೂರು ಪುಸ್ತಕಗಳಲ್ಲಿ ಮೂರು ಜನ.
ಹದಿನಾಲ್ಕು ದಿನದ ಮಾತ್ರೆ
ಆ ಮೂವರಲ್ಲಿ ಯಾರೂ ಮುಗಿಸಲಿಲ್ಲ.

ರಾತ್ರಿ ಡ್ರಾವರು ತೆಗೆದು ನೋಡಿದೆ.
ಇದ್ದ. ನನ್ನದೇ ಅಕ್ಷರದಲ್ಲಿ, ಹಣ ಸಂದಾಯ.

ಭಾನುವಾರ ಪಿಂಟೋನ ಗ್ಯಾರೇಜು.
ಐವಿ ಬಾಯಿ ಕೊಟ್ಟ ಹಳೆಯ ಬೆಡ್‌ಶೀಟಿನಲ್ಲಿ
ಜಲಜಾಕ್ಷಿ ಇದ್ದಿಲಿನಿಂದ ಊರು ಬರೆದಳು:
ಇದು ಧಕ್ಕೆ, ಇದು ಕುದ್ರೋಳಿ, ಇದು ಬೋಳಾರ.
ಬಂದವರು ಐದು ಲ್ಯಾಬಿನವರು. ಒಬ್ಬರಿಗೊಬ್ಬರು
ಮದುವೆ ಮನೆಯಲ್ಲೂ ಮಾತಾಡದವರು.
"ಹೆಸರು ಓದಬೇಡಿ," ಎಂದಳು,
"ಹೆಸರು ಅವರವರ ಹತ್ತಿರವೇ ಇರಲಿ,
ಚೀಟಿಗೊಂದು ನಂಬರು ಸಾಕು. ನನಗೆ ಬೇಕಾದ್ದು
ತಾರೀಕು, ಓಣಿ, ಹತ್ತಿರದ ನೀರು."

ಒಂದು ಜ್ವರಕ್ಕೆ ಒಂದು ಗುಲಗಂಜಿ.
ನಾವು ಓದಿದೆವು, ಅವಳು ಇಟ್ಟಳು.
ಒಂದೊಂದೇ ಇದ್ದಾಗ ಅವು ಬರಿ ಕಾಳು.
ಚಹಾ ಬರುವಷ್ಟರಲ್ಲಿ
ಒಂದು ಮೂಲೆಯಲ್ಲಿ ಕೆಂಪಗೆ ಗುಂಪುಗಟ್ಟಿದ್ದವು,
ನಡುವೆ ಅಂಗೈಯಗಲ ಬಿಳಿ ಜಾಗ.
"ಇಲ್ಲಿ ಎಂತ ಉಂಟು?" ಕೇಳಿದಳು.

ನನಗೆ ಗೊತ್ತಿತ್ತು.
ಅಲ್ಲಿ ನಾನು ಬಾಡಿಗೆಗೆ ಕೊಟ್ಟ ಮನೆ.
ಅದರ ಹಿಂದೆ, ನಲ್ಲಿ ಬಂದ ಮೇಲೆ
ಯಾರೂ ಇಣುಕದ ಬಾವಿ.

ಗುಲಗಂಜಿಗೆ ತನ್ನ ಕಪ್ಪು ಕಾಣದಂತೆ.
ನನಗೆ ಕಂಡಿತು, ಆದರೂ
ಮೊದಲು ಏಳಲಿದ್ದದ್ದು ಕೈ, ಬಾಯಲ್ಲ;
ಆ ಕಾಳುಗಳನ್ನು ಒಂದಿಷ್ಟು
ಆಚೆ ಸರಿಸಲು.
ಆಗ ಸೀನು ಬಂತು, ಮಂಡಿ ಇಲ್ಲದ ಕಡೆಯೂ.
ಎಲ್ಲರೂ ನನ್ನ ಕಡೆ ನೋಡಿದರು. ಹೇಳಿಬಿಟ್ಟೆ.

ಈಗ ಬಾವಿಗೆ ಬಲೆ ಉಂಟು, ನೀರಲ್ಲಿ ಗಪ್ಪಿ ಮೀನು.
ಸಂಜೆ ಐದಕ್ಕೆ ನಮ್ಮ ಅಂಕಿಗಳು ಒಂದೆಡೆ ಸೇರುತ್ತವೆ,
ಯಾರು ಬೇಕಾದರೂ ನೋಡಬಹುದು.
ಪಿಂಟೋ ಮಾತ್ರ ಫೀಸಿನಲ್ಲಿ ಹತ್ತು ರೂಪಾಯಿ ಇಳಿಸಿದ್ದಾನೆ.
ಇಳಿಸಲಿ, ಅದು ಬೇರೆ ಲೆಕ್ಕ.

ದೊಡ್ಡಾಸ್ಪತ್ರೆ ಇನ್ನೂ ಬಂದಿಲ್ಲ.
ಬೆಡ್‌ಶೀಟಿನ ಆ ಭಾಗ ಸ್ವಚ್ಛ, ಒಗೆದಿಟ್ಟಂತೆ.
ಅಲ್ಲಿ ಜ್ವರ ಇಲ್ಲವೆಂದಲ್ಲ,
ಅಲ್ಲಿಂದ ಯಾರೂ ಕಾಳು ತಂದಿಲ್ಲವೆಂದು.

ನಿನ್ನೆ ಬಲೆ ಸರಿಸಿ ಇಣುಕಿದೆ.
ಕೆಳಗೆ ನನ್ನ ಮುಖ.
ಮೀನುಗಳು ಬಂದು ಅದನ್ನು
ಚೂರುಚೂರಾಗಿ ತಿಂದವು.